ಬಂಡೆಯ ಮೇಲಿನ ಅಕ್ಕ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಮೆಟ್ಟಿಲು ನೋಡುತ್ತಾರೆ. ಬೀದಿಯಿಂದ ಹೊಸ್ತಿಲಿಗೆ ಎಷ್ಟು ಇಳಿಯಬೇಕು ಎಂಬುದರ ಮೇಲೆ ಆ ಮನೆಯವರ ಮೈಭಾರವನ್ನು ಅಂದಾಜು ಮಾಡಿಕೊಳ್ಳುತ್ತಾರೆ. ತೀರಾ ಆಳವಾಗಿದ್ದರೆ ಒಂದು ಲೋಟ ನೀರು ಕುಡಿದು, ಮಳೆ ಬರುವ ಹಾಗಿದೆ ಎಂದು ಹೊರಟುಬಿಡುತ್ತಾರೆ. ಹೀಗೆ ಒಳಗಿರುವವರ ಭಾರಕ್ಕೆ ಮನೆಯ ಸಮೇತ ಮಣ್ಣು ಇಳಿಯುವುದು ನಮ್ಮ ತಗ್ಗಿನಲ್ಲಿ ಮಾತ್ರ. ಊರಿನ ನಡುವೆ ಒಂದೇ ಕಲ್ಲಿನ ದೊಡ್ಡ ಬಂಡೆಯಿದೆ. ಅದರ ನೆತ್ತಿಯ ಮೇಲೂ ಬೀದಿಗಳಿವೆ, ಮನೆಗಳಿವೆ, ಒಂದು ಹೆಣ್ಣುಮಕ್ಕಳ ಶಾಲೆಯಿದೆ. ಬಂಡೆ ಇಳಿಯುವುದಿಲ್ಲ. ಹಾಗಾಗಿ ಬಂಡೆಯವರ ಮೈ ಹೇಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ತಗ್ಗಿನವರದ್ದು ಬೀದಿಗೆಲ್ಲ ಗೊತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಇಳಿದ ಮನೆ ಎಂದರೆ ಬೆಲ್ಲದ ಮಂಡಿ ಸಾಹುಕಾರರದ್ದೊಂದೇ. ಆ ಮೆಟ್ಟಿಲಿನ ಅಂಚಿಗೆ ಅವರು ಹಿತ್ತಾಳೆ ಪಟ್ಟಿ ಬಡಿಸಿದ್ದರು, ಅಷ್ಟು ಹೆಮ್ಮೆ. ಉಳಿದ ಮನೆಗಳಲ್ಲಿ ಹತ್ತು ಹನ್ನೆರಡು ಜನ ಇದ್ದರೂ ಹೊಸ್ತಿಲು ಬೀದಿಯ ಮಟ್ಟಕ್ಕೇ ಇರುತ್ತಿತ್ತು. ಆಮೇಲೆ ನೂಲಿನ ಗಿರಣಿ ಮುಚ್ಚಿ, ಅದೇ ಕಟ್ಟಡಕ್ಕೆ ಫೋನಿನ ಕಂಪನಿ ಬಂತು. ಪಾಳಿ ಪೂರ್ತಿ ನಿಂತು, ಓಡಾಡಿ, ಕಡಿದ ಎಳೆ ಕಟ್ಟುತ್ತಿದ್ದವರ ಮಕ್ಕಳು ಕುರ್ಚಿಯ ಮೇಲೆ ಕೂತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಎಲ್ಲೆಲ್ಲಿಯವರದೋ ದೂರು ಕೇಳತೊಡಗಿದರು. ಸಂತೆ ಮೈದಾನದಲ್ಲಿ ಗೋದಾಮು ಎದ್ದಿತು. ಕೆರೆ ಏರಿಯ ಮೇಲೆ ಲಾರಿಗಳು ಓಡಾಡತೊಡಗಿದ ಮೇಲೆ ಅಲ್ಲಿ ನಡೆಯಲು ಹೋಗುವುದು ನಿಂತಿತು. ಪಾಳಿ ಮುಗಿಸಿ ಬಂದವರಿಗೆ ಒಲೆ ಹಚ್ಚುವ ತ್ರಾಣ ಇರುತ್ತಿರಲಿಲ್ಲ, ಪಾಕೀಟು ಹರಿದರೆ ಊಟವಾಗುತ್ತಿತ್ತು. ಮೊದಮೊದಲು ಒಂದು ಮನೆ ಇಳಿದರೆ ಬೀದಿಯೆಲ್ಲ ಬಂದು ನೋಡುತ್ತಿತ್ತು. ಬರಬರುತ್ತಾ ಗಾರೆಯವರು ಬೆಳಿಗ್ಗೆ ಸೈಕಲ್ ಮೇಲೆ "ಮೆಟ್ಟಿಲೂ..." ಎಂದು ಕೂಗಿಕೊಂಡು ಬರುವುದು ಸೊಪ್ಪಿನವಳ ಕೂಗಿನಷ್ಟೇ ಮಾಮೂಲಾಯಿತು. ಈಗ ನಮ್ಮ ಬೀದಿಯಲ್ಲಿ ನಿಂತು ನೋಡಿದರೆ ಕಾಣುವುದು ಕಿಟಕಿಯ ಮೇಲರ್ಧ ಮತ್ತು ಸೂರು. ಮಳೆನೀರು ಒಳಗೆ ಬಾರದಿರಲೆಂದು ಪ್ರತಿ ಮನೆಯ ಸುತ್ತ ಕಟ್ಟೆ. ಇಳಿದ ಮನೆ ಮತ್ತೆ ಮೇಲೆದ್ದದ್ದನ್ನು ನಾನು ಕಂಡಿಲ್ಲ.

ನನ್ನ ಹೆಸರು ನೀಲಾಂಬಿಕೆ. ಫೋನಿನ ಕಂಪನಿ ಬಂದ ಹೊಸತರಲ್ಲೇ ಕೆಲಸಕ್ಕೆ ಸೇರಿದವಳು. ಪಕ್ಕದ ಮನೆಯ ಜೈತುನ್ ನನ್ನ ಪಕ್ಕದ ಕುರ್ಚಿ. ವರ್ಷಗಳು ಹೋದ ಹಾಗೆ ಕುರ್ಚಿಗಳ ಕೈ ಕಳಚಿಸಿದರು, ಆಮೇಲೆ ಕುರ್ಚಿಗಳನ್ನೇ ಬದಲಾಯಿಸಿದರು, ಕೊನೆಗೆ ಮನೆಯಲ್ಲೇ ಕೂತು ಮಾಡಿ ಎಂದು ಯಂತ್ರವನ್ನು ಮನೆಗೇ ಕಳಿಸಿದರು. ಅಲ್ಲಿಗೆ ಬಸ್ಸಿಗೆ ನಡೆಯುವ ಅಷ್ಟು ದೂರವೂ ತಪ್ಪಿತು. ನಮ್ಮ ಮನೆಯವರು ಚನ್ನವೀರಪ್ಪ, ಕಡ್ಡಿಯಂಥ ಆಳು. ನಲ್ಲಿ, ಮೋಟರು ರಿಪೇರಿ ಮಾಡುತ್ತ ಇಡೀ ಊರು ಸುತ್ತುತ್ತಾರೆ. ನಮ್ಮ ಮನೆ ಇಳಿದದ್ದು ಅವರಿಂದ ಅಲ್ಲ ಎಂದು ಬೀದಿಗೆ ಗೊತ್ತು. ಅವರು ಒಂದು ದಿನವೂ ಆ ಮಾತು ಆಡಲಿಲ್ಲ. ಗಾರೆಯವನು ಬಂದು ಹೊಸ ಮೆಟ್ಟಿಲು ಕಟ್ಟುವಾಗ ಮಾತ್ರ ಹಿತ್ತಲಿಗೆ ಹೋಗಿ ಏನೋ ಕೆಲಸ ಹಚ್ಚಿಕೊಳ್ಳುತ್ತಿದ್ದರು.

ಮೈ ಭಾರವಾದವರಿಗೆ ಮೈಗಿಂತ ಭಾರ ಬುದ್ಧಿಮಾತು. ಹಾಲಿನವನು ಹೇಳುತ್ತಾನೆ, ಬಸ್ಸಿನಲ್ಲಿ ಮುಖಪರಿಚಯ ಇಲ್ಲದವರು ಹೇಳುತ್ತಾರೆ. ಬಿಸಿನೀರು ಕುಡಿ, ಅನ್ನ ಬಿಡು, ಬಾಯಿಗೆ ಬೀಗ ಹಾಕು. ನಾನು ಎಲ್ಲ ಮಾಡಿದವಳೇ. ಒಂದು ವರ್ಷ ಸಂಜೆ ಊಟ ಬಿಟ್ಟು ಅರ್ಧದಷ್ಟಾಗಿದ್ದೆ, ಮರುವರ್ಷ ಹೋದದ್ದೆಲ್ಲ ನೆಂಟರನ್ನು ಕರೆದುಕೊಂಡು ವಾಪಸು ಬಂತು. ಪದ್ಮಪ್ರಭ ಡಾಕ್ಟರೊಬ್ಬರೇ ಬೇರೆ ಥರ ಮಾತಾಡಿದವರು. ಅವರ ಕ್ಲಿನಿಕ್ಕೂ ತಗ್ಗಿನಲ್ಲೇ, ಇಳಿದೇ ಇದೆ. ಒಮ್ಮೆ ನಾನು ಅಳುತ್ತ "ಎಲ್ಲಾ ನನ್ನದೇ ತಪ್ಪು ಡಾಕ್ಟ್ರೇ" ಎಂದಾಗ ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಿಮ್ಮೊಬ್ಬರದೇ ತಪ್ಪಾಗಿದ್ರೆ ನಿಮ್ಮನೆ ಒಂದೇ ಇಳೀಬೇಕಿತ್ತಲ್ಲಮ್ಮ? ಬೀದಿ ಪೂರ್ತಿ ಯಾಕೆ ಇಳೀತು? ಮಾತ್ರೆ ತಗೊಳ್ಳಿ, ಆದಷ್ಟು ನಡೀರಿ. ಅಳಬೇಡಿ, ಹೊರಗೆ ಇನ್ನೂ ತುಂಬಾ ಜನ ಕೂತಿದಾರೆ" ಎಂದರು.

ಬುದ್ಧಿ ಹೇಳುವವರಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಅಕ್ಕ, ಗಂಗಾಂಬಿಕೆ. ಅವ್ವ ತೀರಿಕೊಂಡಾಗ ನಾನಿನ್ನೂ ಲಂಗ ತೊಡುವವಳು. ಅಕ್ಕನೇ ನನ್ನನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು. ತಾನು ಮದುವೆಯಾಗಲಿಲ್ಲ. ಬಂಡೆಯ ಮೇಲಿನ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದಳು. ಉದ್ದನೆಯ ಆಳು, ಕೊರಳಲ್ಲಿ ಸೀಟಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹುಡುಗಿಯರ ಜೊತೆ ತಾನೂ ಓಡುತ್ತಿದ್ದಳು. ನನ್ನ ಮದುವೆಯ ನಂತರ ಶಾಲೆ ಕೊಟ್ಟ ಮನೆಯಲ್ಲೇ ಉಳಿದು, ನಿವೃತ್ತಿಯ ನಂತರವೂ ಬಂಡೆಯ ಮೇಲೇ ಒಂದು ಸಣ್ಣ ಮನೆ ಹಿಡಿದಳು. ಮೊದಲೆಲ್ಲ ವಾರಕ್ಕೊಮ್ಮೆ ಇಳಿದು ಬರುತ್ತಿದ್ದಳು. ಆಮೇಲೆ ಹಬ್ಬಕ್ಕೆ ಮಾತ್ರ. ಆಮೇಲೆ ಮಂಡಿ ನೋವು ಎಂದು ನಿಲ್ಲಿಸಿಯೇಬಿಟ್ಟಳು.

ನಾನಾದರೂ ಹತ್ತಿ ಹೋಗಬಹುದಿತ್ತು. ತಗ್ಗಿನಿಂದ ಬಂಡೆಗೆ ಹಗ್ಗದ ಮೇಲೆ ಓಡುವ ತೊಟ್ಟಿಲಿದೆ. ಹತ್ತುವ ಕಡೆ ತೂಕ ನೋಡುವ ಒಂದು ಹಲಗೆ. ಅದರ ಮೇಲೆ ನಿಂತಾಗ ಗಂಟೆ ಬಾರಿಸಿದರೆ ಹತ್ತುವ ಹಾಗಿಲ್ಲ. ಅಕ್ಕನ ನಿವೃತ್ತಿಯ ದಿನ ಹೊಸ ಸೀರೆ ಉಟ್ಟು, ಹೂವಿನ ಹಾರ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಗಂಟೆ ಬಾರಿಸಿತು. ಬೇರೆ ಯಾರೋ ನೂಕಿರಬೇಕೆಂದು ಮತ್ತೊಮ್ಮೆ ನಿಂತೆ. ಮತ್ತೆ ಬಾರಿಸಿತು. ಹಿಂದಿದ್ದವರಲ್ಲಿ ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಎಲ್ಲರೂ ತಂತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಹಾರವನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಮನೆಗೆ ಬಂದು ಮಲಗಿದೆ. ಆವತ್ತಿನಿಂದ ಬಂಡೆಗೆ ಹೋಗುವುದು ಅವರೊಬ್ಬರೇ. ಭಾನುವಾರ ರೊಟ್ಟಿ ಪಲ್ಯ ಕಟ್ಟಿಕೊಟ್ಟರೆ ತೆಗೆದುಕೊಂಡು ಹೋಗಿ, ಕೊಟ್ಟು, ಬಂದುಬಿಡುತ್ತಿದ್ದರು. "ಹೇಗಿದಾಳೆ ಅಕ್ಕ?" ಎಂದರೆ "ಇದಾರೆ, ಚೆನ್ನಾಗಿದಾರೆ" ಎನ್ನುತ್ತಿದ್ದರು.

ನಾನೂ ಅಕ್ಕನೂ ಉಳಿದದ್ದು ಫೋನಿನಲ್ಲಿ. ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ಅವಳ ಫೋನು. ಕ್ಷೇಮ ಕೇಳುವ ಮೊದಲೇ "ಇಳೀತಾ ಮತ್ತೆ?" ಎನ್ನುತ್ತಿದ್ದಳು. ಇಳಿದಿದ್ದರೆ ಹೇಳುತ್ತಿದ್ದೆ, ಹೇಳದಿದ್ದರೂ ಅವಳಿಗೆ ತಿಳಿಯುತ್ತಿತ್ತು. "ನಿನ್ನ ವಯಸ್ಸಿಗೆ ನಾನು ಮೈದಾನ ಸುತ್ತು ಹಾಕ್ತಿದ್ದೆ ಕಣೇ. ಮನುಷ್ಯ ಅಂದ್ಮೇಲೆ ಸ್ವಲ್ಪ ಬಿಗಿ ಇರ್ಬೇಕು" ಎಂದು ಬೈಯುತ್ತಿದ್ದಳು. ಫೋನು ಇಟ್ಟ ಮೇಲೆ ನನಗೆ ಏನಾದರೂ ತಿನ್ನಬೇಕೆನಿಸುತ್ತಿತ್ತು. ಆದರೂ ಒಂದು ದಿನ ಅವಳ ಫೋನು ತಡವಾದರೆ ಕೈಕಾಲು ಆಡುತ್ತಿರಲಿಲ್ಲ.

ಆ ದಿನ ಅವಳು ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ನಮ್ಮ ಮನೆಯವರು ಪಕ್ಕದೂರಿಗೆ ಮೋಟರು ಬಿಚ್ಚಲು ಹೋಗಿದ್ದರು. ಮಧ್ಯಾಹ್ನ ಕಳೆದ ಮೇಲೆ ಎತ್ತಿದಳು.

"ಬಚ್ಚಲಲ್ಲಿ ಜಾರಿದೆ ಕಣೇ. ಏನಿಲ್ಲ. ಎದ್ದೇಳೋಕೆ ಸ್ವಲ್ಪ ಹೊತ್ತಾಯ್ತು."

"ಯಾವಾಗ ಬಿದ್ದೆ?"

"ನಿನ್ನೆ ಸಂಜೆ ದೀಪ ಹಚ್ಚೋ ಹೊತ್ತಲ್ಲಿ."

"ಎದ್ದದ್ದು?"

"ಈಗ" ಎಂದಳು. ಅದನ್ನು ಹೇಳಿದ ದನಿ ನನ್ನ ಅಕ್ಕನದಾಗಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ದನಿಯಾಗಿತ್ತು.

ಸಂಜೆ ನಮ್ಮ ಮನೆಯವರು ಬಂದ ಕೂಡಲೇ ಹೇಳಿದೆ, "ನಾಳೆ ನಾನು ಬಂಡೆಗೆ ಹೋಗ್ತೀನಿ."

ಅವರು ಕೈ ತೊಳೆಯುತ್ತಿದ್ದವರು ಹಾಗೇ ನಿಂತರು. "ನಾನು ಹೋಗಿ ಬರ್ತೀನಿ ಬಿಡು."

"ನೀವು ಹೋಗಿ ಬಂದು ಚೆನ್ನಾಗಿದಾರೆ ಅಂತೀರ. ನಾನೇ ಹೋಗ್ಬೇಕು."

"ತೊಟ್ಟಿಲು ಬಿಡಲ್ಲ ನೀಲಾ."

"ಕಲ್ಲಿನ ದಾರಿ ಇದೆಯಲ್ಲ."

ಬಂಡೆಯನ್ನೇ ಕಡಿದು ಮಾಡಿದ ಹಳೆಯ ದಾರಿ ಅದು. ತೊಟ್ಟಿಲು ಬಂದ ಮೇಲೆ ಆಡು ಮೇಯಿಸುವವರನ್ನು ಬಿಟ್ಟು ಯಾರೂ ಹತ್ತುವುದಿಲ್ಲ. ವಿಷಯ ಕೇಳಿ ಜೈತುನ್ ತನ್ನ ಮೆಟ್ಟಿಲು ಹತ್ತಿ, ನಮ್ಮ ಮೆಟ್ಟಿಲು ಇಳಿದು ಬಂದಳು. ಅಷ್ಟಕ್ಕೇ ಅವಳಿಗೆ ಏದುಸಿರು. "ನಾನೂ ಬರ್ತೀನಿ ನೀಲಕ್ಕ. ನೀವು ನಡುದಾರೀಲಿ ಕೂತ್ರೆ ಅಣ್ಣಾರು ಒಬ್ರೇ ಎತ್ತೋಕಾಗುತ್ತಾ?" ಎಂದಳು. "ನೀನು ಕೂತರೆ?" ಎಂದೆ. "ಇಬ್ರೂ ಕೂತಿರೋಣ" ಎಂದಳು.

ಬೆಳಕು ಹರಿಯುತ್ತಿದ್ದಂತೆ ಹೊರಟೆವು. ಮೊದಲ ತಿರುವಿನವರೆಗೆ ಹೇಗೋ ಹೋದೆ. ಆಮೇಲೆ ಮಂಡಿಯೊಳಗೆ ಯಾರೋ ಮರಳು ಅರೆದ ಹಾಗೆ. ತೊಡೆಗೆ ತೊಡೆ ಉಜ್ಜಿ ಉರಿ ಹತ್ತಿತು. ಎದೆ ನನ್ನದಲ್ಲದ ಹಾಗೆ ಬಡಿದುಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆ ಹಾಕುವುದು, ಬಂಡೆಗೆ ಒರಗುವುದು, ಮತ್ತೆ ನಾಲ್ಕು ಹೆಜ್ಜೆ. ನಮ್ಮ ಮನೆಯವರು ಮುಂದೆ ಹೋಗಿ, ನಿಂತು, ಹಿಂದಿರುಗಿ ಬಂದು, ನೀರಿನ ಬಾಟಲಿ ಕೊಡುತ್ತಿದ್ದರು. ತಲೆಯ ಮೇಲೆ ತೊಟ್ಟಿಲುಗಳು ಹೋಗಿ ಬರುತ್ತಿದ್ದವು. ಒಂದರಿಂದ ಒಬ್ಬ ಬಗ್ಗಿ ಫೋನಿನಲ್ಲಿ ನಮ್ಮ ಚಿತ್ರ ಹಿಡಿದ. ಜೈತುನ್ ಸೆರಗಿನಿಂದ ಮುಖ ಒರೆಸಿಕೊಂಡು, "ಸರಿಯಾಗಿ ತೆಗಿಯಪ್ಪಾ, ಪೂರ್ತಿ ಬಂದ್ವಾ?" ಎಂದು ಕೂಗಿದಳು. ಅವನು ತಟಕ್ಕನೆ ಒಳಗೆ ಸರಿದ. ನಾನು ನಕ್ಕೆ. ನಕ್ಕದ್ದಕ್ಕೆ ಉಸಿರು ಸಿಕ್ಕಿಕೊಂಡು ಮತ್ತೆ ಕೂರಬೇಕಾಯಿತು.

ಅರ್ಧ ದಾರಿಯಲ್ಲಿ ಒಂದು ಹುಣಸೆಮರ. ಅದರ ನೆರಳಿನಲ್ಲಿ ಕೂತಾಗ ನನಗೆ ಇನ್ನು ಆಗುವುದಿಲ್ಲ ಎನಿಸಿತು. ಕೆಳಗೆ ನಮ್ಮ ತಗ್ಗು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ಕೈ ಹಿಡಿದು ಇದೇ ದಾರಿಯಲ್ಲಿ ನಿಂತು ನೋಡಿದ್ದಾಗ ಬಾಗಿಲು, ಜಗುಲಿ, ಬಾಗಿಲ ಮುಂದಿನ ರಂಗೋಲಿ ಎಲ್ಲ ಕಾಣುತ್ತಿದ್ದವು. ಈಗ ಹೆಂಚುಗಳೇ ಹಾಸಿಗೆಯ ಹಾಗೆ ನೆಲಕ್ಕೆ ಹತ್ತಿಕೊಂಡು ಮಲಗಿದ್ದವು. ಒಂದೊಂದು ಮನೆಯೊಳಗೂ ಒಬ್ಬೊಬ್ಬರು ಕುರ್ಚಿಯ ಮೇಲೆ ಕೂತು, ಯಾರದೋ ದೂರು ಕೇಳುತ್ತಿರಬಹುದು. "ಇಷ್ಟೊಂದು ಮನೆ ಯಾವಾಗ ಇಳಿದ್ವು ಜೈತುನ್?" ಎಂದೆ. ಅವಳು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. "ನಾವು ಕೆಲಸದಲ್ಲಿದ್ದಾಗ" ಎಂದಳು.

ಬಿಸಿಲು ಇಳಿಮುಖವಾದ ಮೇಲೆ ಅಕ್ಕನ ಮನೆ ಮುಟ್ಟಿದೆವು. ಬಾಗಿಲು ಒಳಗಿನಿಂದ ಹಾಕಿತ್ತು. ಕಿಟಕಿಗಳಿಗೆಲ್ಲ ಪರದೆ. ನಾನು ಬಾಗಿಲು ಬಡಿದೆ.

"ಅಕ್ಕಾ, ನಾನು ನೀಲಾ. ಬಾಗಿಲು ತೆಗಿ."

ಒಳಗೆ ಏನೋ ಕಿರುಗುಟ್ಟಿತು. "ನೀನಾ? ಹೇಗೆ ಬಂದೆ?"

"ನಡ್ಕೊಂಡು."

"ಸುಳ್ಳು ಹೇಳ್ಬೇಡ."

"ದಾರೀಲೆಲ್ಲ ಜನ ನೋಡಿದಾರೆ, ಕೇಳು ಬೇಕಾದ್ರೆ. ತೆಗಿ ಅಕ್ಕಾ."

"ನಂಗೆ ಹುಷಾರಿಲ್ಲ. ಜ್ವರ. ನಿಂಗೂ ಅಂಟುತ್ತೆ. ದನಿ ಕೇಳಿದೆಯಲ್ಲ, ಬದುಕಿದೀನಿ. ಹೋಗು."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. "ಹೋಗೋಕೆ ಕಾಲಲ್ಲಿ ಏನೂ ಉಳಿದಿಲ್ಲ ಅಕ್ಕ. ನೀನು ತೆಗೆಯೋವರೆಗೂ ಇಲ್ಲೇ ಕೂತಿರ್ತೀನಿ. ನಾಳೆ ತನಕ ಬೇಕಾದ್ರೂ."

ಆಮೇಲೆ ದನಿ ಬಾಗಿಲಿಗೆ ತೀರಾ ಹತ್ತಿರದಿಂದ ಬಂತು. ಅವಳೂ ಆ ಕಡೆ ಬಂದು ನಿಂತಿದ್ದಳು. ಅವಳ ಉಸಿರು ನನಗೆ ಕೇಳುತ್ತಿತ್ತು. ಆ ಉಸಿರು ನನಗೆ ಚೆನ್ನಾಗಿ ಗೊತ್ತು, ನನ್ನದೂ ಅಂಥದ್ದೇ.

"ನೀನು ನನ್ನ ನೋಡಬಾರದು ಕಣೇ ನೀಲಾ."

"ಅಕ್ಕಾ... ನೀನು ದಪ್ಪ ಆಗಿದೀಯಾ?"

"ಹೂಂ."

"ನನ್ನ ಹಾಗೆ?"

"ನಿನಗಿಂತ."

ಅಗುಳಿ ಸರಿದ ಸದ್ದಾಯಿತು. ನಾನು ಎದ್ದು ನಿಲ್ಲಲು ಜೈತುನಳ ಕೈ ಬೇಕಾಯಿತು. ಬಾಗಿಲು ತೆರೆದಾಗ ಒಂದು ಗಳಿಗೆ ಅಕ್ಕ ಎಲ್ಲಿ ಎಂದು ಹುಡುಕಿದೆ. ಬಾಗಿಲ ತುಂಬ ಒಬ್ಬ ಹೆಂಗಸು ನಿಂತಿದ್ದಳು. ಮುಖ ಊದಿ, ಕೊರಳು ಭುಜಕ್ಕೆ ಇಳಿದು, ಹಳೆಯ ಎರಡು ಸೀರೆ ಜೋಡಿಸಿ ಹೊಲಿದ ಒಂದು ನೈಟಿ. ಕಣ್ಣು ಮಾತ್ರ ಹಾಗೇ ಇದ್ದವು. ಆ ಕಣ್ಣು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದವು.

"ಎಷ್ಟು ಸೊರಗಿ ಹೋಗಿದೀಯೇ" ಎಂದಳು.

ಅದು ಸುಳ್ಳು. ಆದರೆ ಅವ್ವ ಸತ್ತ ಮೇಲೆ ನನಗೆ ಆ ಮಾತು ಯಾರೂ ಹೇಳಿರಲಿಲ್ಲ. ನಾನು ಅವಳನ್ನು ಅಪ್ಪಿಕೊಳ್ಳಲು ಹೋದೆ. ನಮ್ಮಿಬ್ಬರ ತೋಳೂ ಇನ್ನೊಬ್ಬರ ಬೆನ್ನು ಮುಟ್ಟಲಿಲ್ಲ. ಭುಜ ಹಿಡಿದುಕೊಂಡು ನಿಂತೆವು. ಹಿಂದೆ ನಮ್ಮ ಮನೆಯವರು ಅಂಗಳದ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕೂತಿದ್ದರು.

"ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು."

"ಇಷ್ಟು ದಿನ ಚೆನ್ನಾಗಿದಾರೆ ಅಂದ್ರಲ್ಲಾ."

"ಆಣೆ ಹಾಕಿಸ್ಕೊಂಡಿದ್ರು" ಎಂದರು. ಆಮೇಲೆ, ತಲೆ ಎತ್ತದೆ, "ಇಲ್ಲಿಗೆ ಬಂದ್ರೆ ಇವ್ರು ನಿನ್ನ ಬಗ್ಗೆ ಕೇಳೋರು. ಅಲ್ಲಿಗೆ ಹೋದ್ರೆ ನೀನು ಇವ್ರ ಬಗ್ಗೆ ಕೇಳ್ತಿದ್ದೆ. ಇಬ್ರಿಗೂ ಅದೇ ಉತ್ತರ ಕೊಟ್ಟೆ. ಸಾಕಾಗಿತ್ತು ನಂಗೂ" ಎಂದರು. ಅವರ ಮೇಲೆ ಸಿಟ್ಟು ಬಂತು. ಹೆಚ್ಚು ಹೊತ್ತು ಇಟ್ಟುಕೊಳ್ಳಲು ಆಗಲಿಲ್ಲ.

ಒಳಗೆ ಗಾಳಿಯಿರಲಿಲ್ಲ. ಜೈತುನ್ ಹೇಳದೆ ಕೇಳದೆ ಪರದೆಗಳನ್ನೆಲ್ಲ ಸರಿಸಿ, ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ಅಕ್ಕನ ಎಡಗಾಲಿನ ಬೆರಳುಗಳ ಹತ್ತಿರ ಬಟ್ಟೆ ಸುತ್ತಿತ್ತು. ಬಿಚ್ಚಿಸಿದೆ. ಗಾಯ ಕಪ್ಪಗಾಗಿತ್ತು. "ಸಕ್ಕರೆ ಕಾಯಿಲೆ ಇದೆಯಾ?" ಎಂದರೆ, "ಇರಬಹುದು" ಎಂದಳು. ಡಾಕ್ಟರ ಹತ್ತಿರ ಹೋಗಬೇಕಾದರೆ ಇಳಿಯಬೇಕು, ಇಳಿಯಬೇಕಾದರೆ ತೊಟ್ಟಿಲ ಹಲಗೆ ಹತ್ತಬೇಕು. ನಾನು ಗಂಟೆ ಬಾರಿಸಿದ ಕಥೆಯನ್ನು ಅವಳಿಗೆ ಎಂದೋ ಹೇಳಿದ್ದೆ. ಅವಳಿಗೂ ಬಾರಿಸಿತ್ತಂತೆ, ತಾನು ಆಡಿಸಿದ ಹುಡುಗಿಯರು ಈಗ ತಾಯಂದಿರಾಗಿ ಸಾಲಿನಲ್ಲಿ ನಿಂತಿದ್ದಾಗ.

ಊಟ ಮಾಡುತ್ತ ಸ್ವಲ್ಪ ಸ್ವಲ್ಪವೇ ಹೇಳಿದಳು. ಮೈದಾನದಲ್ಲಿ ಶಾಲೆಯವರು ಇನ್ನೊಂದು ಕಟ್ಟಡ ಎಬ್ಬಿಸಿದರು. ಆಟದ ಟೀಚರಿಗೆ ಆಟ ಆಡಿಸಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿ, ತಡವಾಗಿ ಬಂದವರನ್ನು ನೋಡಿಕೊಳ್ಳಿ ಎಂದರು. ಕೂತಳು. ಮಂಡಿ ಹಿಡಿದುಕೊಂಡಿತು. ಮಂಡಿ ಹಿಡಿದಿದ್ದಕ್ಕೆ ಇನ್ನಷ್ಟು ಕೂತಳು. "ಬಂಡೆ ಮೇಲೆ ಯಾರಿಗೂ ಗೊತ್ತಾಗಲ್ಲ ಅಂತ ಸಮಾಧಾನವಾಗಿದ್ದೆ. ಬಾಗಿಲು ಹಾಕ್ಕೊಂಡ್ರೆ ಮುಗೀತು. ಯಾರಿಗೂ ಗೊತ್ತಾಗ್ಲಿಲ್ಲ, ಬಚ್ಚಲಲ್ಲಿ ಬಿದ್ದಾಗ್ಲೂ" ಎಂದಳು.

"ಮತ್ತೆ ನನ್ನ ಯಾಕೆ ಅಷ್ಟು ಬೈತಿದ್ದೆ, ದಿನಾ?"

ಅವಳು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಯೋಚಿಸಿದಳು. "ಬೇರೆ ಏನು ಮಾತಾಡ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ ಕಣೇ" ಎಂದಳು.

ಆ ರಾತ್ರಿ ಅಲ್ಲೇ ಕಳೆದೆವು. ಬೆಳಿಗ್ಗೆ ನಾನು, "ನಮ್ಮನೆಗೆ ಬಾ, ಗಾಯ ತೋರಿಸ್ಬೇಕು, ಇರು ಅಲ್ಲೇ" ಎಂದೆ. ಅಕ್ಕ ತಲೆ ಅಲ್ಲಾಡಿಸಿದಳು. ನೋವಿಗೆ ಹೆದರಿ ಅಲ್ಲ. "ನಾನು ಕಾಲಿಟ್ರೆ ನಿಮ್ಮನೆ ಎಷ್ಟು ಇಳಿಯುತ್ತೋ. ಬೀದಿಗೆ ಬೀದಿಯೇ ನೋಡುತ್ತೆ. ಗಂಗಾಂಬಿಕೆ ಟೀಚರ್ ಬಂದ್ಲು, ಮನೆ ಮುಳುಗ್ತು ಅಂತಾರೆ."

"ಅಂದುಕೊಳ್ಳಲಿ. ಇಳಿದ್ರೆ ಇಳೀಲಿ. ಅಲ್ಲಿ ಬಿದ್ರೆ ಪಕ್ಕದ ಮನೆಗಾದ್ರೂ ಗೊತ್ತಾಗುತ್ತೆ."

ಅವಳನ್ನು ಒಪ್ಪಿಸಿದ್ದು ಕೊನೆಗೆ ನಮ್ಮ ಮನೆಯವರು. ಹೆಚ್ಚೇನೂ ಹೇಳಲಿಲ್ಲ. "ಗಂಗಕ್ಕಾ, ಆ ಕಾಲು ತೆಗೀಬೇಕಾಗುತ್ತೆ ಹೀಗೇ ಬಿಟ್ರೆ" ಎಂದರು. ಆಕೆ ಕಾಲನ್ನು ನೋಡಿಕೊಂಡಳು, ಅದರ ಮೇಲೆ ಓಡಿದ ದಿನಗಳನ್ನೇ ನೋಡಿದ ಹಾಗೆ. ಆಮೇಲೆ "ಆ ನೀಲಿ ಸೀರೆ ತೆಗೀ" ಎಂದಳು.

ತೊಟ್ಟಿಲಿನ ಹಿಂದುಗಡೆ ಸಿಮೆಂಟು, ಬೀರು, ಫ್ರಿಜ್ಜು ಇಳಿಸಿ ಏರಿಸಲು ಇನ್ನೊಂದು ದೊಡ್ಡ ತೊಟ್ಟಿಲಿದೆ. ಅದನ್ನು ನಡೆಸುವವನು ಮಲ್ಲಪ್ಪಯ್ಯ ಎಂಬ ಮಧ್ಯವಯಸ್ಸಿನವನು. "ಸಾಮಾನಿನ ತೊಟ್ಟಿಲಿಗೆ ಜನ ಹತ್ತೋ ಹಾಗಿಲ್ರಮ್ಮ" ಎಂದ. ಜೈತುನ್ ಸೊಂಟಕ್ಕೆ ಕೈಕೊಟ್ಟು ಜಗಳಕ್ಕೆ ತಯಾರಾದಳು. ಅಕ್ಕ ಅಷ್ಟರಲ್ಲಿ ಹಿಂದಿರುಗಲು ಹೊರಟಿದ್ದಳು. ಮಲ್ಲಪ್ಪಯ್ಯ ಸುತ್ತ ನೋಡಿ ದನಿ ತಗ್ಗಿಸಿದ. "ಕಾನೂನು ಹೇಳ್ಬೇಕಲ್ಲ, ಹೇಳ್ದೆ. ಬನ್ನಿ. ಈಗೀಗ ಹೆಚ್ಚುಕಮ್ಮಿ ದಿನಾ ಒಬ್ರು ಹೋಗ್ತಾರೆ. ಹೋದ ತಿಂಗಳು ನಮ್ಮಪ್ಪನ್ನೂ ಇದ್ರಲ್ಲೇ ಇಳಿಸ್ದೆ. ಮಂದಿ ನೋಡ್ದಂಗೆ ಸುತ್ತ ತಾಡಪಾಲು ಕಟ್ಟಿ ಕೊಡ್ತೀನಿ" ಎಂದ.

ನಾನು, ಅಕ್ಕ, ಜೈತುನ್ ಮೂವರೂ ಅದರಲ್ಲಿ ಕೂತೆವು. ನಮ್ಮ ಮನೆಯವರು ಅಕ್ಕನ ಟ್ರಂಕು ಹಿಡಿದುಕೊಂಡು ಮೂಲೆಯಲ್ಲಿ ನಿಂತರು. ತಾಡಪಾಲಿನ ಒಳಗೆ ಕತ್ತಲೆ, ಸಿಮೆಂಟಿನ ಧೂಳು. ಹಗ್ಗ ಎಳೆದುಕೊಂಡಾಗ ತೊಟ್ಟಿಲು ಒಮ್ಮೆ ತೂಗಾಡಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಅರ್ಧ ಇಳಿಯುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟಿದಂತಾಯಿತು. "ಇದನ್ನ ತೆಗೀರಿ" ಎಂದಳು. "ಜನ ನೋಡ್ತಾರೆ ಅಕ್ಕಾ" ಎಂದೆ. "ನೋಡ್ಲಿ. ಗಾಳಿ ಬೇಕು ನಂಗೆ." ನಮ್ಮ ಮನೆಯವರು ಒಂದು ಕಡೆಯ ಗಂಟು ಬಿಚ್ಚಿದರು. ಎದುರು ಏರಿ ಬರುತ್ತಿದ್ದ ತೊಟ್ಟಿಲಿನಲ್ಲಿ ಶಾಲೆಯ ಹುಡುಗಿಯರಿದ್ದರು. ಅವರು ಬಾಯಿ ತೆರೆದು ನಮ್ಮನ್ನು ನೋಡಿದರು. ಅಕ್ಕ ಮುಖ ತಿರುಗಿಸಲಿಲ್ಲ. ತಿರುಗಿಸಲು ಆಗದಷ್ಟು ಸುಸ್ತಾಗಿದ್ದಳೋ, ನೋಡಬೇಕೆಂದೇ ನೋಡಿದಳೋ, ನನಗೆ ತಿಳಿಯಲಿಲ್ಲ.

ನಮ್ಮ ಬೀದಿಗೆ ಬಂದಾಗ ಬೈಗಿನ ಹೊತ್ತು. ಎಲ್ಲ ಮನೆಗಳ ಮೆಟ್ಟಿಲ ಮೇಲೂ ಒಬ್ಬಿಬ್ಬರು ಕೂತಿದ್ದರು. ಮೇಲಿನ ಮೆಟ್ಟಿಲಿನಿಂದ ಹೊಸ್ತಿಲವರೆಗೆ ಅಕ್ಕನನ್ನು ಇಳಿಸುವುದೇ ಒಂದು ದೊಡ್ಡ ಕೆಲಸವಾಯಿತು. ಅವಳು ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಗೋಡೆಯೊಳಗಿಂದ ನಿಟ್ಟುಸಿರಿನಂಥ ಸದ್ದು ಬಂತು. ಪಾತ್ರೆಗಳು ಒಂದಕ್ಕೊಂದು ತಾಗಿದವು, ನೆಲ ಇಳಿಯಿತು. ಅಕ್ಕ ಗೋಡೆ ಹಿಡಿದು ಕಣ್ಣು ಮುಚ್ಚಿಕೊಂಡಳು. ಹೊರಗಡೆ ಬೀದಿಗೆಲ್ಲ ಕೇಳಿಸಿರಲೇಬೇಕು. ನಾನು ಕಿಟಕಿಯಿಂದ ನೋಡಿದೆ. ಎದುರುಮನೆಯಾಕೆ ಬತ್ತಿ ಹೊಸೆಯುತ್ತಿದ್ದವಳು ಹೊಸೆಯುತ್ತಲೇ ಇದ್ದಳು. ಜೈತುನಳ ಗಂಡ ರೇಡಿಯೋ ಸ್ವಲ್ಪ ಜೋರು ಮಾಡಿದ. ಯಾರೂ ಈ ಕಡೆ ತಿರುಗಲಿಲ್ಲ.

"ನಿಂತಿತಾ?" ಎಂದು ಅಕ್ಕ ಕಣ್ಣು ಮುಚ್ಚಿಯೇ ಕೇಳಿದಳು.

"ನಿಂತಿತು" ಎಂದೆ. ನಿಂತಿರಲಿಲ್ಲ, ಆದರೆ ಮೆಲ್ಲಗಾಗಿತ್ತು.

ಪದ್ಮಪ್ರಭ ಡಾಕ್ಟರು ಮನೆಗೇ ಬಂದು ನೋಡಿದರು. ಎರಡು ಬೆರಳು ಹೋದವು, ಕಾಲು ಉಳಿಯಿತು. ಅಕ್ಕ ತೆಳ್ಳಗಾಗಲಿಲ್ಲ. ಸ್ವಲ್ಪ ಇಳಿದಳು, ಮತ್ತೆ ಸ್ವಲ್ಪ ಏರಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬೆಳಿಗ್ಗೆ ಬೀದಿಯ ಕೊನೆಯವರೆಗೆ ನಡೆಯುತ್ತೇವೆ, ಆಗದ ದಿನ ಜೈತುನಳ ಕಟ್ಟೆಯವರೆಗೆ. ಬೈಗುಳ ಪೂರ್ತಿ ನಿಂತಿಲ್ಲ, ಆದರೆ ಈಗ ಎದುರಿಗೆ ಕೂತು ಬೈಯುವುದರಿಂದ ನಾನೂ ಬೈಯಬಹುದು. ನಾನು ಫೋನಿನಲ್ಲಿ ದೂರು ಕೇಳುತ್ತಿರುವಾಗ ಅವಳು ಮೇಲಿನ ಮೆಟ್ಟಿಲಿನ ಮೇಲೆ ಹೋಗಿ ಕೂರುತ್ತಾಳೆ. ಹೋಗುವವರನ್ನೆಲ್ಲ ಮಾತಾಡಿಸುತ್ತಾಳೆ. ಅಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದವಳಿಗೆ ಮಾತು ಅಷ್ಟೊಂದು ಉಳಿದಿತ್ತು.

ಮೊನ್ನೆ ಅವಳು ಯಾರ ಜೊತೆಗೋ ಮಾತಾಡುವುದು ಕೇಳಿ ಯಂತ್ರ ಕಳಚಿ ಮೇಲೆ ಹೋದೆ. ಬೀದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಒಳ್ಳೆಯ ರೇಷ್ಮೆ ಸೀರೆ, ಸೆರಗಿನ ಮೇಲೆ ಸಿಮೆಂಟಿನ ಧೂಳು, ಕೈಯಲ್ಲಿ ಒಂದು ಚೀಲ. ಬಂಡೆಯವಳೆಂದು ಅವಳು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನೆಲ ಎಲ್ಲಿ ಕುಸಿಯುವುದೋ ಎಂದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದಳು. ಏದುಸಿರು ಬಿಡುತ್ತ, "ಈ ಬೀದೀಲಿ ಎಲ್ಲಾದ್ರೂ ಒಂದು ರೂಮು ಸಿಗುತ್ತಾ? ಮಲ್ಲಪ್ಪಯ್ಯ ಇಲ್ಲಿ ಕೇಳಿ ಅಂದ್ರು" ಎಂದಳು.

ನನಗೆ ಮೊದಲು ಬಂದದ್ದು ಆಯಾಸ. ಇನ್ನೂ ಎಷ್ಟು ಜನ ಅಲ್ಲಿ ಪರದೆ ಎಳೆದುಕೊಂಡು ಕೂತಿದ್ದಾರೋ, ನಮ್ಮ ಮಣ್ಣು ಎಷ್ಟು ಜನರನ್ನು ತಡೆಯುತ್ತದೋ ಎನಿಸಿತು. ಅಕ್ಕ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

"ರೂಮು ಆಮೇಲೆ ನೋಡೋಣ. ಒಳಗೆ ಬಾರಮ್ಮ, ಮೊದ್ಲು ಕೂತ್ಕೋ."

"ನಾನು ಬಂದ್ರೆ ನಿಮ್ಮನೆ..." ಎಂದು ಆಕೆ ನಿಲ್ಲಿಸಿದಳು.

"ಇಳಿಯುತ್ತೆ" ಎಂದಳು ಅಕ್ಕ. "ಬಾ."

ಆಕೆ ಗೋಡೆ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ನಾನು ಅವಳಿಗಿಂತ ಮುಂಚೆ ಒಳಗಿಳಿದು, ನನ್ನ ಕೆಲಸದ ಕುರ್ಚಿಯ ಮೇಲಿದ್ದ ಯಂತ್ರವನ್ನು ತೆಗೆದು ಕಿಟಕಿಯಲ್ಲಿಟ್ಟು, ಕುರ್ಚಿಯನ್ನು ನಡುಮನೆಗೆ ಎಳೆದು ಹಾಕಿದೆ.